ಪುಟ್ಟ ಗಣಕಯಂತ್ರಕ್ಕೆ ತಕ್ಕ ವಿದ್ಯುತ್ಪೂರೈಕೆ

ನಮ್ಮ ಪರಿಚಯದ ಕಾಲೇಜು ವಿದ್ಯಾರ್ಥಿಯೊಬ್ಬನು ಎರಡು ವರ್ಷ ಹಣ ಕೂಡಿಟ್ಟು, ಆಟಗಳನ್ನು ಆಡಲು ತಕ್ಕ ಗಣಕಯಂತ್ರವೊಂದನ್ನು ತನ್ನ ಕೈಯಿಂದಲೇ ಜೋಡಿಸಿದನು. ವಿದ್ಯಾರ್ಥಿನಿಲಯದ ಕಿರುಮೇಜಿನ ಮೇಲೆ ಪುಸ್ತಕಗಳ ನಡುವೆ ಇಡಬೇಕಾಗಿದ್ದುದರಿಂದ, ಅದರ ಹೊರಕವಚವು ಹನ್ನೊಂದು ಲೀಟರಿಗಿಂತ ದೊಡ್ಡದಾಗಬಾರದೆಂಬುದು ಅವನ ಸಂಕಲ್ಪವಾಗಿತ್ತು. ಯಂತ್ರವೇನೋ ಮೊದಲ ದಿನವೇ ಚೆನ್ನಾಗಿ ನಡೆಯಿತು. ಆದರೆ ಆಟವು ರಂಗೇರಿ, ತೆರೆಯ ಮೇಲೆ ಹೊಗೆ, ಬೆಂಕಿ, ನೀರುಗಳ ಚಿತ್ರಗಳು ಒಮ್ಮೆಗೇ ಮೂಡಬೇಕಾದ ಕ್ಷಣದಲ್ಲಿ, ಯಾರೋ ಗುಂಡಿಯೊತ್ತಿ ದೀಪವನ್ನು ಆರಿಸಿದಂತೆ ಅದು ತಟ್ಟನೆ ನಿಂತುಹೋಗುತ್ತಿತ್ತು.

ಅವನ ಸಂಶಯವೆಲ್ಲ ಗ್ರಾಫಿಕ್ಸ್ ಕಾರ್ಡಿನ ಮೇಲೆ. ಅದು ಬಳಸಿದ ಕಾರ್ಡು. ಅವನ ಉಳಿತಾಯದ ಅರ್ಧಭಾಗವನ್ನು ನುಂಗಿದ್ದುದೂ ಅದೇ. ಸಿಕ್ಕ ಬೆಲೆಗೆ ಅದನ್ನು ಮಾರಿಬಿಡಲು ಅವನು ಸಿದ್ಧನಾಗಿದ್ದನು. ಆದರೆ ಗೆಳೆಯನೊಬ್ಬನ ದೊಡ್ಡ ಯಂತ್ರದಲ್ಲಿಟ್ಟು ನೋಡಿದಾಗ ಅದೇ ಕಾರ್ಡು ಇಡೀ ರಾತ್ರಿ ತಡೆಯಿಲ್ಲದೆ ಓಡಿತು. ಹಾಗಾದರೆ ದೋಷ ಎಲ್ಲಿತ್ತು? ಯಾರೂ ತಿರುಗಿ ನೋಡದ ಮೂಲೆಯಲ್ಲಿ, ಅಂಗಡಿಯವರು ಪವರ್ ಸಪ್ಲೈ ಎಂದು ಕರೆಯುವ ವಿದ್ಯುತ್ಪೂರೈಕೆಯ ಘಟಕದಲ್ಲಿ. ವಿಚಿತ್ರವೆಂದರೆ, ಆ ಘಟಕದ ಮೇಲೆ ಮುದ್ರಿಸಿದ್ದ ಅಂಕಿ ೫೫೦ ವ್ಯಾಟು. ಇಡೀ ಯಂತ್ರದ ಬೇಡಿಕೆಯನ್ನು ಕೂಡಿ ನೋಡಿದರೆ ೪೪೬ ವ್ಯಾಟು ಮಾತ್ರ. ನೂರಕ್ಕೂ ಹೆಚ್ಚು ವ್ಯಾಟುಗಳು ಮಿಕ್ಕಿದ್ದರೂ ಯಂತ್ರವು ಏಕೆ ನಿಂತಿತು? ಈ ಪ್ರಶ್ನೆಗೆ ಉತ್ತರವನ್ನು ಕಂಡುಕೊಂಡರೆ, ಪುಟ್ಟ ಯಂತ್ರಕ್ಕೆ ಪೂರೈಕೆಯ ಘಟಕವನ್ನು ಆರಿಸುವ ಬಗೆಯೂ ತಾನಾಗಿಯೇ ತಿಳಿಯುತ್ತದೆ.

ಘಟಕದ ಕೆಲಸ

ನಮ್ಮ ಮನೆಗಳ ಗೋಡೆಯಿಂದ ಬರುವುದು ೨೩೦ ವೋಲ್ಟಿನ ಪರ್ಯಾಯ ಪ್ರವಾಹ. ಅದು ಸೆಕೆಂಡಿಗೆ ೫೦ ಆವರ್ತಗಳಂತೆ ಹಿಂದುಮುಂದಾಗಿ ತೂಗುತ್ತಿರುತ್ತದೆ. ಗಣಕಯಂತ್ರದ ಅರೆವಾಹಕಗಳಿಗೆ ಬೇಕಾದುದು ಇದಲ್ಲ. ಅವು ಬಯಸುವುದು ಅಲುಗಾಡದ ಏಕಮುಖ ಪ್ರವಾಹವನ್ನು, ಅದೂ ೧೨, ೫ ಮತ್ತು ೩.೩ ವೋಲ್ಟುಗಳಷ್ಟು ತಗ್ಗಿನ ಮಟ್ಟದಲ್ಲಿ. ಒಂದನ್ನು ಇನ್ನೊಂದನ್ನಾಗಿ ಮಾರ್ಪಡಿಸುವುದೇ ಈ ಘಟಕದ ಕೆಲಸ.

ಕಾಲ ಕಳೆದಂತೆ ಈ ಕೆಲಸದ ಹೊರೆ ಎಷ್ಟು ಬೆಳೆದಿದೆ ಎಂಬುದನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ೧೯೮೧ರಲ್ಲಿ ಹೊರಬಂದ ಐಬಿಎಂ ಕಂಪನಿಯ ಮೊದಲ ಪರ್ಸನಲ್ ಕಂಪ್ಯೂಟರಿನ ಪೂರೈಕೆಯ ಸಾಮರ್ಥ್ಯ ಕೇವಲ ೬೩.೫ ವ್ಯಾಟು. ೨೦೨೫ರಲ್ಲಿ ಎನ್‌ವಿಡಿಯಾ ಕಂಪನಿ ಹೊರತಂದ ಆರ್‌ಟಿಎಕ್ಸ್ ೫೦೯೦ ಎಂಬ ಗ್ರಾಫಿಕ್ಸ್ ಕಾರ್ಡು ಒಂದಕ್ಕೇ ೫೭೫ ವ್ಯಾಟು ಬೇಕು. ಆ ಹಳೆಯ ಯಂತ್ರದ ಒಂಬತ್ತು ಘಟಕಗಳನ್ನು ಸೇರಿಸಿದರೂ ಈ ಒಂದು ಕಾರ್ಡಿಗೆ ಸಾಲದು. ಅತ್ತ ಬೇಡಿಕೆ ಹೀಗೆ ಏರುತ್ತಿದ್ದರೆ, ಇತ್ತ ಯಂತ್ರದ ಕವಚ ಕುಗ್ಗುತ್ತ ಬಂದಿದೆ.

ಘಟಕವು ಪುಟ್ಟದಾದ ಬಗೆ

ಹಿಂದಿನ ರೇಡಿಯೋಗಳಲ್ಲಿ ಕಬ್ಬಿಣದ ತಿರುಳಿನ ಭಾರವಾದ ಟ್ರಾನ್ಸ್‌ಫಾರ್ಮರು ಇರುತ್ತಿದ್ದುದನ್ನು ಓದುಗರು ಹಿರಿಯರಿಂದ ಕೇಳಿರಬಹುದು. ಅಂಥ ಟ್ರಾನ್ಸ್‌ಫಾರ್ಮರಿನಿಂದ ಐದಾರುನೂರು ವ್ಯಾಟುಗಳನ್ನು ಪಡೆಯಬೇಕಾದರೆ ಅದು ಹಲವು ಕಿಲೋಗ್ರಾಂ ತೂಗುತ್ತದೆ. ಇಂದಿನ ಘಟಕದ ಟ್ರಾನ್ಸ್‌ಫಾರ್ಮರಾದರೋ ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ಇದರ ಗುಟ್ಟು ಆವರ್ತಾಂಕದಲ್ಲಿದೆ.

ಬಾವಿಯಿಂದ ತೊಟ್ಟಿಯನ್ನು ತುಂಬಿಸುವವನು ದೊಡ್ಡ ಕೊಡದಿಂದ ಹತ್ತು ಸಲ ಸೇದಬಹುದು. ಚಿಕ್ಕ ತಂಬಿಗೆಯಿಂದ ನೂರು ಸಲವೂ ಸೇದಬಹುದು. ಕೈ ಚುರುಕಾಗಿದ್ದರೆ ತುಂಬುವ ಹೊತ್ತು ಒಂದೇ. ಟ್ರಾನ್ಸ್‌ಫಾರ್ಮರಿನ ತಿರುಳು ಈ ಪಾತ್ರೆಯಂತೆ. ಪ್ರತಿಯೊಂದು ಆವರ್ತದಲ್ಲಿಯೂ ಅದು ಹೊರಬೇಕಾದ ಕಾಂತೀಯ ಹೊರೆ, ಆವರ್ತಗಳು ಚಿಕ್ಕವಾದಷ್ಟೂ ಕಡಿಮೆಯಾಗುತ್ತದೆ. ಗೋಡೆಯಿಂದ ಬಂದ ವಿದ್ಯುತ್ತನ್ನು ಘಟಕವು ಮೊದಲು ಸೋಸಿ, ಏಕಮುಖಗೊಳಿಸಿ, ಸುಮಾರು ೩೯೦ ವೋಲ್ಟಿನವರೆಗೆ ಏರಿಸಿ, ದೊಡ್ಡದೊಂದು ಧಾರಕದಲ್ಲಿ ತುಂಬಿಡುತ್ತದೆ. ಬಳಿಕ ಟ್ರಾನ್ಸಿಸ್ಟರುಗಳು ಆ ಪ್ರವಾಹವನ್ನು ಸೆಕೆಂಡಿಗೆ ಲಕ್ಷದ ಆಸುಪಾಸಿನಷ್ಟು ಬಾರಿ ಕತ್ತರಿಸಿ, ಫೆರೈಟ್ ತಿರುಳಿನ ಪುಟ್ಟ ಟ್ರಾನ್ಸ್‌ಫಾರ್ಮರಿಗೆ ಉಣಿಸುತ್ತವೆ. ಐವತ್ತು ಎಲ್ಲಿ, ಲಕ್ಷ ಎಲ್ಲಿ! ತಿರುಳು ಕಿರಿದಾಗುವುದರಲ್ಲಿ ಸೋಜಿಗವೇನಿದೆ? ಇಂಥ ಪೂರೈಕೆಯನ್ನು ಅಳವಡಿಸಿಕೊಂಡ ಮೊದಮೊದಲ ಮನೆಗಣಕಗಳಲ್ಲಿ ೧೯೭೭ರ ಆಪಲ್ ಟೂ ಒಂದು.

ಆ ದೊಡ್ಡ ಧಾರಕದ ಪಾತ್ರವನ್ನೂ ಇಲ್ಲಿಯೇ ಹೇಳಬೇಕು. ಅದರ ಧಾರಕತೆ ೪೦೦ ಮೈಕ್ರೋಫ್ಯಾರಡ್ ಎಂದು ಇಟ್ಟುಕೊಂಡರೆ, ೩೯೦ ವೋಲ್ಟಿನಲ್ಲಿ ಅದು ಸುಮಾರು ೩೦ ಜೂಲ್ ಶಕ್ತಿಯನ್ನು ಹಿಡಿದಿಟ್ಟಿರುತ್ತದೆ. ಅದು ೩೦೦ ವೋಲ್ಟಿಗೆ ಇಳಿಯುವವರೆಗೆ ಕೊಡಬಲ್ಲ ೧೨ ಜೂಲುಗಳು ೫೦೦ ವ್ಯಾಟಿನ ಯಂತ್ರವನ್ನು ೨೪ ಮಿಲಿಸೆಕೆಂಡಿನ ಕಾಲ ನಡೆಸಬಲ್ಲವು. ದೀಪವು ಒಮ್ಮೆ ಮಿಣುಕಿದರೂ ಯಂತ್ರ ನಿಲ್ಲದಿರುವುದು ಈ ಕೂಡಿಟ್ಟ ಬುತ್ತಿಯಿಂದಲೇ. ಅಗ್ಗದ ಘಟಕಗಳಲ್ಲಿ ಮೊದಲು ಕಿರಿದಾಗುವುದೂ ಈ ಧಾರಕವೇ.

ಅಳತೆಯ ಮಾತು

ಪುಟ್ಟ ಯಂತ್ರವನ್ನು ಜೋಡಿಸುವವರು ಮೊದಲು ಕೈಗೆತ್ತಿಕೊಳ್ಳಬೇಕಾದುದು ಅಳತೆಯ ಪಟ್ಟಿಯನ್ನು. ಇಂಟೆಲ್ ಕಂಪನಿಯು ೧೯೯೫ರಲ್ಲಿ ಗೊತ್ತುಪಡಿಸಿದ ಎಟಿಎಕ್ಸ್ ಮಾದರಿಯ ಘಟಕವು ೧೫೦ ಮಿಲಿಮೀಟರು ಅಗಲ, ೮೬ ಎತ್ತರ, ಸಾಮಾನ್ಯವಾಗಿ ೧೪೦ ಉದ್ದವಿರುತ್ತದೆ. ಗುಣಿಸಿದರೆ ಘನ ಅಳತೆ ೧.೮ ಲೀಟರು. ಎಸ್‌ಎಫ್‌ಎಕ್ಸ್ ಎಂಬ ಕಿರಿಯ ಮಾದರಿ ೧೨೫, ೬೩.೫, ೧೦೦ ಮಿಲಿಮೀಟರುಗಳದು, ಅಂದರೆ ೦.೮ ಲೀಟರು. ಇದನ್ನೇ ೧೩೦ ಮಿಲಿಮೀಟರಿನವರೆಗೆ ನೀಳಗೊಳಿಸಿದ ಎಸ್‌ಎಫ್‌ಎಕ್ಸ್-ಎಲ್ ಮಾದರಿ ಸುಮಾರು ಒಂದು ಲೀಟರು. ಕಡ್ಡಿಯಂತೆ ಸಣ್ಣಗಿರುವ ಫ್ಲೆಕ್ಸ್ ಎಟಿಎಕ್ಸ್ ಅರ್ಧ ಲೀಟರು ಮಾತ್ರ.

೨೦೦೧ರಲ್ಲಿ ವಿಐಎ ಕಂಪನಿಯು ೧೭೦ ಮಿಲಿಮೀಟರಿನ ಚೌಕವಾದ ಮಿನಿ-ಐಟಿಎಕ್ಸ್ ಮದರ್‌ಬೋರ್ಡನ್ನು ಮುಂದಿಟ್ಟ ಮೇಲೆ ಪುಟ್ಟ ಯಂತ್ರಗಳು ಸಾಧ್ಯವಾದವು. ಹನ್ನೊಂದು ಲೀಟರಿನ ಕವಚದಲ್ಲಿ ಎಟಿಎಕ್ಸ್ ಘಟಕವನ್ನು ಇಟ್ಟರೆ ಆರರಲ್ಲಿ ಒಂದು ಪಾಲು ಜಾಗ ಅದಕ್ಕೇ ಹೋಗುತ್ತದೆ; ಎಸ್‌ಎಫ್‌ಎಕ್ಸ್ ಆದರೆ ಹದಿನಾಲ್ಕರಲ್ಲಿ ಒಂದು ಪಾಲು. ಆದುದರಿಂದ ಇಂಥ ಯಂತ್ರಗಳಿಗೆ ಎಸ್‌ಎಫ್‌ಎಕ್ಸ್ ಅಥವಾ ಎಸ್‌ಎಫ್‌ಎಕ್ಸ್-ಎಲ್ ಒಪ್ಪುತ್ತದೆ. ಇಂದು ಈ ಅಳತೆಯಲ್ಲಿಯೇ ೧೦೦೦ ವ್ಯಾಟಿನ ಘಟಕಗಳೂ ದೊರೆಯುತ್ತವೆ.

ಇವೆರಡರಲ್ಲಿ ಯಾವುದು ಲೇಸು? ನೀಳವಾದುದರಲ್ಲಿ ೧೨೦ ಮಿಲಿಮೀಟರಿನ ಬೀಸಣಿಗೆ ಹಿಡಿಸುತ್ತದೆ; ಮೋಟಾದುದರಲ್ಲಿ ೯೨ ಮಿಲಿಮೀಟರಿನದು ಮಾತ್ರ. ದೊಡ್ಡ ಬೀಸಣಿಗೆಯ ಹರವು ಚಿಕ್ಕದರ ೧.೭ ಪಟ್ಟು. ಅಷ್ಟೇ ಗಾಳಿಯನ್ನು ತಳ್ಳಲು ಅದು ನಿಧಾನವಾಗಿ ತಿರುಗಿದರೆ ಸಾಕು, ಸದ್ದು ಕಡಿಮೆ. ಆದರೆ ಹೆಚ್ಚಿನ ೩೦ ಮಿಲಿಮೀಟರುಗಳು ತಂತಿಗಳು ಹೊರಡುವ ಕಡೆಯಲ್ಲಿಯೇ ಬರುತ್ತವೆಂಬುದನ್ನು ಮರೆಯಬಾರದು. ಪುಟ್ಟ ಕವಚದಲ್ಲಿ ತಂತಿಗಳು ಮಡಚಿಕೊಳ್ಳಲು ಉಳಿಯುವ ಜಾಗ ಆ ಮೂರು ಸೆಂಟಿಮೀಟರೇ ಆಗಿರಬಹುದು. ಘಟಕದ ಉದ್ದಕ್ಕೆ ತಂತಿಗಳ ಬಾಗಿಗೆಂದು ಮೂರು ನಾಲ್ಕು ಸೆಂಟಿಮೀಟರುಗಳನ್ನು ಕೂಡಿಸಿ, ಆಮೇಲೆ ಕವಚದೊಳಗಿನ ಜಾಗದೊಡನೆ ಹೋಲಿಸಿ ನೋಡುವುದು ಜಾಣತನ.

ವ್ಯಾಟುಗಳ ಲೆಕ್ಕ

ಈಗ ನಮ್ಮ ವಿದ್ಯಾರ್ಥಿಯ ಲೆಕ್ಕಕ್ಕೆ ಬರೋಣ. ಅವನ ಯಂತ್ರದಲ್ಲಿದ್ದುದು ೨೦೨೦ರ ಆರ್‌ಟಿಎಕ್ಸ್ ೩೦೮೦ ಕಾರ್ಡು. ಅದರ ಬೇಡಿಕೆ ೩೨೦ ವ್ಯಾಟು. ಪ್ರೊಸೆಸರು ಎಎಂಡಿ ಕಂಪನಿಯ ರೈಜನ್ ೫ ೫೬೦೦ಎಕ್ಸ್. ಇದರ ಪೆಟ್ಟಿಗೆಯ ಮೇಲೆ ೬೫ ವ್ಯಾಟು ಎಂದಿದ್ದರೂ ಮದರ್‌ಬೋರ್ಡಿನಿಂದ ಅದು ೭೬ ವ್ಯಾಟಿನವರೆಗೆ ಸೆಳೆಯುತ್ತದೆ. ಮದರ್‌ಬೋರ್ಡು, ಸ್ಮೃತಿಕೋಶ, ಸಂಗ್ರಹಕೋಶ, ಬೀಸಣಿಗೆಗಳಿಗೆ ಧಾರಾಳವಾಗಿ ೫೦ ಎಂದು ಹಿಡಿದರೆ ಮೊತ್ತ ೪೪೬. ಅವನು ಕೊಂಡ ಅಗ್ಗದ ಘಟಕದ ಮೇಲೆ ದಪ್ಪಕ್ಷರದಲ್ಲಿ ಇದ್ದುದು ೫೫೦.

ಮೊದಲ ತಪ್ಪು ಇಲ್ಲಿಯೇ ಆಯಿತು. ಆ ೫೫೦ ಎಂಬುದು ಎಲ್ಲ ವೋಲ್ಟೇಜುಗಳನ್ನೂ ಸೇರಿಸಿದ ಮೊತ್ತ. ಇಂದಿನ ಯಂತ್ರದಲ್ಲಿ ಪ್ರೊಸೆಸರೂ ಗ್ರಾಫಿಕ್ಸ್ ಕಾರ್ಡೂ ಉಣ್ಣುವುದು ೧೨ ವೋಲ್ಟಿನ ಸಾಲಿನಿಂದ. ಉಳಿದ ಸಾಲುಗಳ ಮೇಲೆ ಬೀಳುವ ಹೊರೆ ಅತ್ಯಲ್ಪ. ಘಟಕದ ಪಕ್ಕಕ್ಕೆ ಅಂಟಿಸಿದ ಸಣ್ಣಕ್ಷರದ ಪಟ್ಟಿಯನ್ನು ಓದಿದಾಗ ೧೨ ವೋಲ್ಟಿನ ಸಾಲಿಗೆ ೩೮ ಆಂಪೇರು ಎಂದು ಕಂಡಿತು. ಹನ್ನೆರಡನ್ನು ಮೂವತ್ತೆಂಟರಿಂದ ಗುಣಿಸಿದರೆ ೪೫೬. ನೂರು ವ್ಯಾಟಿನ ಮಿಗತೆಯೆಂದು ಅವನು ನಂಬಿದ್ದುದು ನಿಜವಾಗಿ ಹತ್ತು ವ್ಯಾಟು!

ಹತ್ತಾದರೂ ಮಿಕ್ಕಿತ್ತಲ್ಲವೆ ಎಂದು ಓದುಗರು ಕೇಳಬಹುದು. ಎರಡನೆಯ ತಪ್ಪು ಹೆಚ್ಚು ಸೂಕ್ಷ್ಮವಾದುದು. ೩೨೦ ವ್ಯಾಟು ಎಂಬುದು ಸರಾಸರಿ. ಕಾರ್ಡಿನೊಳಗಿನ ಸಾವಿರಾರು ಗಣನಾಕೋಶಗಳು ಒಮ್ಮೆಗೇ ಎಚ್ಚತ್ತಾಗ, ಸೆಕೆಂಡಿನ ಸಾವಿರದ ಒಂದೆರಡು ಭಾಗಗಳಷ್ಟು ಕಾಲ ಬೇಡಿಕೆಯು ಸರಾಸರಿಯ ಒಂದೂವರೆ ಪಟ್ಟಿಗೆ, ಕೆಲವೊಮ್ಮೆ ಅದಕ್ಕೂ ಮೇಲೆ ಜಿಗಿಯುತ್ತದೆ. ಒಂದೂವರೆ ಪಟ್ಟೆಂದರೆ ೪೮೦. ಉಳಿದುದನ್ನು ಸೇರಿಸಿದರೆ ೬೦೬ ವ್ಯಾಟು. ನಮ್ಮ ಕಣ್ಣಿಗಾಗಲಿ, ಗೋಡೆಗೆ ಸಿಕ್ಕಿಸುವ ಸಾಧಾರಣ ವ್ಯಾಟ್‌ಮಾಪಕಕ್ಕಾಗಲಿ ಈ ಜಿಗಿತ ಕಾಣದು. ಆದರೆ ಘಟಕದ ರಕ್ಷಣಾ ಮಂಡಲಕ್ಕೆ ಕಾಣುತ್ತದೆ. ಎಲ್ಲಿಯೋ ತಂತಿಗಳು ಒಂದಕ್ಕೊಂದು ತಗುಲಿವೆಯೆಂದು ತಿಳಿದು ಅದು ತನ್ನ ಕರ್ತವ್ಯವನ್ನು ಮಾಡುತ್ತದೆ, ಪ್ರವಾಹವನ್ನು ಕಡಿದುಹಾಕುತ್ತದೆ. ಯಂತ್ರವು ನಿಲ್ಲುತ್ತಿದ್ದುದು ಕೆಟ್ಟುದರಿಂದಲ್ಲ, ಕಾವಲುಗಾರನು ಎಚ್ಚರವಾಗಿದ್ದುದರಿಂದ. ಗೆಳೆಯನ ದೊಡ್ಡ ಯಂತ್ರದಲ್ಲಿ ಅದೇ ಕಾರ್ಡು ಓಡಿದುದು ಅಲ್ಲಿನ ಘಟಕಕ್ಕೆ ಈ ಜಿಗಿತವನ್ನು ತಾಳುವ ಶಕ್ತಿ ಇದ್ದುದರಿಂದ.

ತಯಾರಕರೂ ಈ ತೊಡಕನ್ನು ಅರಿತರು. ೨೦೨೨ರ ಫೆಬ್ರವರಿಯಲ್ಲಿ ಹೊರಬಂದ ಎಟಿಎಕ್ಸ್ ೩.೦ ನಿಯಮಾವಳಿಯ ಪ್ರಕಾರ, ಹೊಸ ಹದಿನಾರು ಪಿನ್ನಿನ ಕನೆಕ್ಟರುಳ್ಳ, ೪೫೦ ವ್ಯಾಟಿಗಿಂತ ಹೆಚ್ಚಿನ ಘಟಕವು ತನ್ನ ಸಾಮರ್ಥ್ಯದ ಎರಡು ಪಟ್ಟು ಹೊರೆಯನ್ನು ೧೦೦ ಮೈಕ್ರೋಸೆಕೆಂಡಿನ ಕಾಲ ಸಹಿಸಬೇಕು. ಎಸ್‌ಎಫ್‌ಎಕ್ಸ್ ಘಟಕಗಳಲ್ಲಿಯೂ ಇದನ್ನು ಪಾಲಿಸುವವು ಇವೆ. ಆದುದರಿಂದ ಘಟಕವನ್ನು ಕೊಳ್ಳುವಾಗ ವ್ಯಾಟುಗಳಿಗಿಂತ ಮೊದಲು ಈ ನಿಯಮಾವಳಿಯ ಹೆಸರನ್ನು ಹುಡುಕಬೇಕು. ಸಾಮರ್ಥ್ಯವನ್ನಾದರೋ ಸರಾಸರಿ ಮೊತ್ತದ ಒಂದೂವರೆ ಪಟ್ಟಿನ ಸುತ್ತಮುತ್ತ ಇಟ್ಟುಕೊಂಡರೆ ಸಾಕು. ೪೪೬ಕ್ಕೆ ಈ ಲೆಕ್ಕದಂತೆ ೬೭೦ರ ಹತ್ತಿರ. ಅಂಗಡಿಯಲ್ಲಿ ಸಿಗುವ ಮುಂದಿನ ಮೆಟ್ಟಿಲು ೭೫೦. ಅದಕ್ಕೂ ಮೇಲೆ ಹೋಗಿ ೧೦೦೦ ವ್ಯಾಟಿನದನ್ನು ಕೊಂಡರೆ ಹಣ ವ್ಯಯವಾಗುವುದೇ ಹೊರತು ಆಟ ವೇಗವಾಗುವುದಿಲ್ಲ.

ಉಷ್ಣವೆಂಬ ಶತ್ರು

ಯಾವ ಘಟಕವೂ ತಾನು ಪಡೆದ ವಿದ್ಯುತ್ತನ್ನೆಲ್ಲ ಮುಂದಕ್ಕೆ ಕೊಡಲಾರದು. ಸ್ವಲ್ಪ ಭಾಗ ಉಷ್ಣವಾಗಿ ಸೋರಿಹೋಗುತ್ತದೆ. ೨೦೦೪ರಲ್ಲಿ ಆರಂಭವಾದ ೮೦ ಪ್ಲಸ್ ಎಂಬ ಯೋಜನೆಯು ಘಟಕಗಳ ದಕ್ಷತೆಯನ್ನು ಅಳೆದು ಕಂಚು, ಬೆಳ್ಳಿ, ಚಿನ್ನ, ಪ್ಲಾಟಿನಂ, ಟೈಟೇನಿಯಂ ಎಂದು ದರ್ಜೆಗಳನ್ನು ಕೊಡುತ್ತದೆ. ೨೩೦ ವೋಲ್ಟಿನ ಪರೀಕ್ಷೆಯಲ್ಲಿ, ಅರ್ಧ ಹೊರೆಯಿರುವಾಗ, ಕಂಚಿನ ದರ್ಜೆಗೆ ನೂರಕ್ಕೆ ೮೮, ಚಿನ್ನಕ್ಕೆ ೯೨, ಪ್ಲಾಟಿನಮ್ಮಿಗೆ ೯೪, ಟೈಟೇನಿಯಮ್ಮಿಗೆ ೯೬ರಷ್ಟು ದಕ್ಷತೆ ಇರಬೇಕು.

ಯಂತ್ರವು ೪೦೦ ವ್ಯಾಟು ಬಳಸುತ್ತಿರುವಾಗ ಕಂಚಿನ ಘಟಕವು ಗೋಡೆಯಿಂದ ಸುಮಾರು ೪೫೫ ವ್ಯಾಟುಗಳನ್ನೂ ಚಿನ್ನದ್ದು ೪೩೫ ವ್ಯಾಟುಗಳನ್ನೂ ಸೆಳೆಯುತ್ತವೆ. ವ್ಯತ್ಯಾಸ ೨೦ ವ್ಯಾಟು. ದಿನಕ್ಕೆ ನಾಲ್ಕು ಗಂಟೆಯಂತೆ ವರ್ಷವೆಲ್ಲ ಆಡಿದರೂ ಉಳಿಯುವುದು ೨೯ ಯೂನಿಟ್ಟು. ಯೂನಿಟ್ಟಿಗೆ ಏಳು ರೂಪಾಯಿಯೆಂದು ಹಿಡಿದರೆ ಇನ್ನೂರು ರೂಪಾಯಿ. ಕೇವಲ ಈ ಉಳಿತಾಯಕ್ಕಾಗಿ ದುಬಾರಿ ಘಟಕವನ್ನು ಕೊಳ್ಳಬೇಕಾಗಿಲ್ಲ. ಆದರೆ ಒಂದು ಲೀಟರಿಗಿಂತ ಕಿರಿದಾದ ಪೆಟ್ಟಿಗೆಯೊಳಗೆ ೩೫ ವ್ಯಾಟಿನ ಬದಲು ೫೫ ವ್ಯಾಟಿನ ಉಷ್ಣವು ಹುಟ್ಟುತ್ತಿದ್ದರೆ ಅದರ ಪರಿಣಾಮ ಬೇರೆ. ಒಳಗಿನ ವಿದ್ಯುದ್ವಿಚ್ಛೇದ್ಯ ಧಾರಕಗಳ ಆಯುಸ್ಸು, ಉಷ್ಣತೆಯು ಹತ್ತು ಡಿಗ್ರಿ ಏರಿದಂತೆಲ್ಲ ಸುಮಾರು ಅರ್ಧಕ್ಕೆ ಇಳಿಯುತ್ತದೆಂಬುದು ಇಂಜಿನಿಯರುಗಳ ಅನುಭವದ ಲೆಕ್ಕ.

ತಯಾರಕನು ಹೇಳುವ ಸಾಮರ್ಥ್ಯ ಯಾವ ಉಷ್ಣತೆಯಲ್ಲಿ ಎಂಬುದನ್ನೂ ನೋಡಬೇಕು. ಕೆಲವರು ೪೦ ಡಿಗ್ರಿ ಸೆಲ್ಸಿಯಸ್ಸಿಗೆ, ಕೆಲವರು ೫೦ಕ್ಕೆ ಭರವಸೆ ಕೊಡುತ್ತಾರೆ. ಬೇಸಗೆಯಲ್ಲಿ ರಾಯಚೂರು, ಕಲಬುರಗಿಗಳ ಗಾಳಿಯೇ ೪೦ ಡಿಗ್ರಿಯನ್ನು ದಾಟುವುದುಂಟು. ಬಿಸಿಯಾದ ಕಾರ್ಡಿನ ನೆರೆಯಲ್ಲಿ ಕುಳಿತ ಘಟಕವು ಉಸಿರಾಡುವ ಗಾಳಿ ಅದಕ್ಕಿಂತಲೂ ಬಿಸಿ. ನಮ್ಮ ನಾಡಿನಲ್ಲಿ ೫೦ ಡಿಗ್ರಿಯ ಭರವಸೆಯುಳ್ಳ, ೧೦೫ ಡಿಗ್ರಿಯನ್ನು ತಾಳುವ ಧಾರಕಗಳುಳ್ಳ ಘಟಕವೇ ಮೇಲು. ಅದರ ಬೀಸಣಿಗೆಯು ಕವಚದ ಜಾಲಂಧ್ರದ ಕಡೆಗೆ ಮುಖಮಾಡಿ ಹೊರಗಿನ ತಂಪು ಗಾಳಿಯನ್ನು ಸೆಳೆಯುವಂತೆ ಕೂರಿಸಬೇಕು. ಮತ್ತೊಂದು ಮಾತು: ಚಿನ್ನ, ಬೆಳ್ಳಿಗಳ ದರ್ಜೆಯು ದಕ್ಷತೆಯನ್ನಷ್ಟೇ ಹೇಳುತ್ತದೆ. ರಕ್ಷಣಾ ಮಂಡಲಗಳ ಗುಣವನ್ನಾಗಲಿ, ಬಾಳಿಕೆಯನ್ನಾಗಲಿ ಅದು ಹೇಳುವುದಿಲ್ಲ.

ತಂತಿ ಮತ್ತು ಕನೆಕ್ಟರು

ಹೊಸ ಕಾರ್ಡುಗಳ ಹದಿನಾರು ಪಿನ್ನಿನ ಕನೆಕ್ಟರು ೬೦೦ ವ್ಯಾಟಿನವರೆಗೆ ಸಾಗಿಸಬಲ್ಲದು. ಹನ್ನೆರಡು ವೋಲ್ಟಿನಲ್ಲಿ ೬೦೦ ವ್ಯಾಟೆಂದರೆ ೫೦ ಆಂಪೇರು. ಅದನ್ನು ಆರು ಪಿನ್ನುಗಳು ಹಂಚಿಕೊಂಡರೆ ತಲೆಗೆ ಎಂಟು ಆಂಪೇರಿಗಿಂತ ಸ್ವಲ್ಪ ಹೆಚ್ಚು. ಸರಿಯಾಗಿ ಕೂರದೆ ಎರಡೇ ಪಿನ್ನುಗಳು ತಾಗಿದ್ದರೆ ಒಂದೊಂದರ ಪಾಲು ೨೫ ಆಂಪೇರು. ಜೂಲನ ನಿಯಮವನ್ನು ವಿದ್ಯಾರ್ಥಿಗಳು ನೆನೆಯಲಿ: ಉಷ್ಣವು ಪ್ರವಾಹದ ವರ್ಗಕ್ಕೆ ಅನುಗುಣ. ಪ್ರವಾಹ ಮೂರು ಪಟ್ಟಾದರೆ ಉಷ್ಣ ಒಂಬತ್ತು ಪಟ್ಟು! ಸ್ಪರ್ಶದ ರೋಧ ಐದು ಮಿಲಿಓಮ್ ಎಂದು ಹಿಡಿದರೆ, ಪಿನ್ನಿಗೆ ಮೂರನೆಯ ಒಂದು ವ್ಯಾಟಿದ್ದ ಉಷ್ಣವು ಮೂರು ವ್ಯಾಟಾಗುತ್ತದೆ. ಅಕ್ಕಿಕಾಳಿನಷ್ಟು ಲೋಹಕ್ಕೆ ಅದು ಬಹಳ ದೊಡ್ಡ ಹೊರೆ.

ಇದು ಬರಿಯ ಲೆಕ್ಕವಲ್ಲ. ೨೦೨೨ರ ಅಕ್ಟೋಬರಿನಲ್ಲಿ ಆರ್‌ಟಿಎಕ್ಸ್ ೪೦೯೦ ಕಾರ್ಡುಗಳ ಕೆಲವು ಕನೆಕ್ಟರುಗಳು ಕರಗಿದ ಸುದ್ದಿ ಹಬ್ಬಿತು. ಅವು ಪೂರ್ತಿ ಒಳಗೆ ಕೂರದಿದ್ದುದೇ ಸಾಮಾನ್ಯ ಕಾರಣವೆಂದು ಎನ್‌ವಿಡಿಯಾ ಹೇಳಿತು. ೨೦೨೩ರಲ್ಲಿ ಕನೆಕ್ಟರನ್ನು ತಿದ್ದಿ, ಸಂಜ್ಞೆಯ ಪಿನ್ನುಗಳನ್ನು ಮೋಟುಗೊಳಿಸಲಾಯಿತು. ಪೂರ್ತಿ ಕೂರದಿದ್ದರೆ ಕಾರ್ಡು ವಿದ್ಯುತ್ತನ್ನು ಸೆಳೆಯದಿರಲಿ ಎಂಬುದು ಇದರ ಉದ್ದೇಶ. ಪುಟ್ಟ ಕವಚಗಳಲ್ಲಿ ಪಕ್ಕದ ತಗಡು ಈ ತಂತಿಯನ್ನು ಒತ್ತುವುದು ಸಾಮಾನ್ಯ. ಕನೆಕ್ಟರಿನ ಬುಡದಿಂದ ಮೂರು ನಾಲ್ಕು ಸೆಂಟಿಮೀಟರು ನೇರವಾಗಿ ಬಂದ ಮೇಲೆಯೇ ತಂತಿಯನ್ನು ಬಾಗಿಸಬೇಕು. ಎಂಟು ಪಿನ್ನಿನ ಎರಡು ಕನೆಕ್ಟರುಗಳುಳ್ಳ ಹಳೆಯ ಕಾರ್ಡುಗಳಿಗೆ ಒಂದೇ ತಂತಿಯ ಎರಡು ಕವಲುಗಳನ್ನು ಸಿಕ್ಕಿಸದೆ ಎರಡು ಬೇರೆ ತಂತಿಗಳನ್ನು ಕೊಡಬೇಕು.

ಇನ್ನೊಂದು ಎಚ್ಚರಿಕೆ ಅತಿ ಮುಖ್ಯ. ಬಿಡಿಸಿ ಸಿಕ್ಕಿಸಬಹುದಾದ ತಂತಿಗಳುಳ್ಳ ಘಟಕಗಳಲ್ಲಿ, ಘಟಕದ ಕಡೆಯ ಪಿನ್ನುಗಳ ಕ್ರಮಕ್ಕೆ ಸರ್ವಸಮ್ಮತವಾದ ನಿಯಮವಿಲ್ಲ. ಹಳೆಯ ಘಟಕದ ತಂತಿಯು ಹೊಸದಕ್ಕೆ ಸರಿಯಾಗಿ ಕೂರಬಹುದು. ಆದರೆ ೫ ವೋಲ್ಟಿನ ಜಾಗಕ್ಕೆ ೧೨ ವೋಲ್ಟನ್ನು ಹರಿಸಿ ಸಂಗ್ರಹಕೋಶವನ್ನು ಕ್ಷಣಮಾತ್ರದಲ್ಲಿ ಸುಡಬಹುದು. ಘಟಕ ಬದಲಾದರೆ ತಂತಿಗಳೂ ಬದಲಾಗಲಿ. ಘಟಕದ ಮುಚ್ಚಳವನ್ನು ಮಾತ್ರ ಎಂದಿಗೂ ತೆರೆಯಬಾರದು. ಗೋಡೆಯಿಂದ ಕಿತ್ತ ಮೇಲೆಯೂ ಧಾರಕದಲ್ಲಿ ಪ್ರಾಣಾಪಾಯವನ್ನು ತರುವ ವೋಲ್ಟೇಜು ಉಳಿದಿರಬಹುದು.

ಗೋಡೆಯ ಕಡೆಗೂ ಒಂದು ನೋಟ

ಲೋಹದ ಕವಚವನ್ನು ಮುಟ್ಟಿದಾಗ ಮೈ ಜುಮ್ಮೆನ್ನುತ್ತದೆಂದು ಅನೇಕರು ದೂರುತ್ತಾರೆ. ಘಟಕದ ಬಾಗಿಲಿನಲ್ಲಿರುವ ಸೋಸುವ ಧಾರಕಗಳು ಎರಡೂ ತಂತಿಗಳಿಂದ ಕವಚಕ್ಕೆ ಜೋಡಿಸಿರುತ್ತವೆ. ಭೂಸಂಪರ್ಕ ಇಲ್ಲದಿದ್ದರೆ ಕವಚವು ಗೋಡೆಯ ವೋಲ್ಟೇಜಿನ ಅರ್ಧದಷ್ಟು ಮಟ್ಟದಲ್ಲಿ ತೇಲುತ್ತದೆ. ಪ್ರವಾಹ ಅತ್ಯಲ್ಪವಾದರೂ ಇದು ಮನೆಯ ಮೂರನೆಯ ತಂತಿ ಸತ್ತಿದೆಯೆಂಬುದರ ಸೂಚನೆ. ಘಟಕವನ್ನು ಬಯ್ಯುವ ಮೊದಲು ವಿದ್ಯುತ್ ಕೆಲಸಗಾರನನ್ನು ಕರೆಸಬೇಕು. ಮನೆಯ ಇನ್ವರ್ಟರುಗಳಲ್ಲಿ ಕೆಲವು ಚೌಕಾಕಾರದ ತರಂಗವನ್ನು ಕೊಡುತ್ತವೆ. ಇಂದಿನ ಘಟಕಗಳು ಎದುರುನೋಡುವುದು ನಯವಾದ ಸೈನ್ ತರಂಗವನ್ನು. ಚೌಕ ತರಂಗದ ಮೇಲೆ ಅವು ಗುಂಯ್ಗುಡಬಹುದು, ನಿಂತೂಹೋಗಬಹುದು. ೧೦೦ರಿಂದ ೨೪೦ ವೋಲ್ಟು ಎಂದು ನಮೂದಿಸಿದ ಘಟಕಕ್ಕೆ ಬೇರೆ ಸ್ಟೆಬಿಲೈಸರಿನ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ.

ಕೊಳ್ಳುವ ಮುನ್ನ

ಹೇಳಿದುದನ್ನೆಲ್ಲ ಐದು ಪ್ರಶ್ನೆಗಳಲ್ಲಿ ಅಡಕಗೊಳಿಸಬಹುದು. ತಂತಿಗಳ ಬಾಗಿನೊಡನೆ ಘಟಕವು ಕವಚದಲ್ಲಿ ಹಿಡಿಸುವುದೆ? ೧೨ ವೋಲ್ಟಿನ ಸಾಲೊಂದೇ ಎಷ್ಟು ಆಂಪೇರು ಕೊಡುತ್ತದೆ? ಕ್ಷಣಿಕ ಜಿಗಿತಗಳನ್ನು ತಾಳುವ ನಿಯಮಾವಳಿಯನ್ನು ಅದು ಪಾಲಿಸುವುದೆ? ಅದರ ಸಾಮರ್ಥ್ಯ ಯಾವ ಉಷ್ಣತೆಯವರೆಗೆ? ಭರವಸೆಯ ಅವಧಿ ಎಷ್ಟು ವರ್ಷ? ಇವುಗಳಿಗೆ ಉತ್ತರ ದೊರೆತ ಮೇಲೆ ಬೆಲೆಯನ್ನು ಕೇಳಿದರೆ ತಪ್ಪಿಲ್ಲ.

ನಮ್ಮ ವಿದ್ಯಾರ್ಥಿಯು ಕಾರ್ಡನ್ನು ಮಾರಲಿಲ್ಲ. ಮೂರು ತಿಂಗಳು ಕಾದು, ೭೫೦ ವ್ಯಾಟಿನ, ಎಟಿಎಕ್ಸ್ ೩.೦ಕ್ಕೆ ಒಪ್ಪುವ ಎಸ್‌ಎಫ್‌ಎಕ್ಸ್ ಘಟಕವೊಂದನ್ನು ಕೊಂಡನು. ಹಳೆಯ ತಂತಿಗಳನ್ನು ಹಳೆಯ ಘಟಕದೊಡನೆಯೇ ಕಟ್ಟಿ ತೆಗೆದಿಟ್ಟನು. ಅಂದು ರಾತ್ರಿ ಅದೇ ಹೊಗೆ, ಅದೇ ಬೆಂಕಿ, ಅದೇ ನೀರು ತೆರೆಯ ಮೇಲೆ ಮೂಡಿದವು, ಯಂತ್ರವು ನಿಲ್ಲಲಿಲ್ಲ. ಮರುದಿನ ಪರೀಕ್ಷೆಯಿದ್ದುದರಿಂದ ಆಟವನ್ನು ಅವನೇ ನಿಲ್ಲಿಸಬೇಕಾಯಿತು.